ಎರಡೂವರೆ ಗುಂಟೆ

ಬನ್ನಿ, ಇಲ್ಲೇ ಬೇಲಿ ಹತ್ತಿರ ನಿಂತು ಮಾತಾಡೋಣ. ಕೈಯೆಲ್ಲ ಮಣ್ಣು. ಕೂರಬೇಕು ಅನ್ನಿಸಿದರೆ ಆ ಬಕೆಟ್ಟು ಬೋರಲು ಹಾಕಿಕೊಳ್ಳಿ. ಫ್ಲಾಸ್ಕಿನಲ್ಲಿ ಇನ್ನೂ ಎರಡು ಲೋಟ ಕಾಫಿ ಇದೆ.

"ಅಲಾಟ್‌ಮೆಂಟ್ ಸಿಕ್ತು" ಎಂದು ಊರಿಗೆ ಫೋನ್ ಮಾಡಿದ ದಿನ ಅಪ್ಪ ಕೇಳಿದ್ದು, "ಸೈಟು ಎಷ್ಟಕ್ಕೆಷ್ಟು ಮಗಾ? ಮೂವತ್ತು ನಲವತ್ತಾ?" ಅವರು ಹಾಗೆ ಕೇಳಿದ್ದು ಸಹಜ. ಹಾಸನದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಲಾಟ್‌ಮೆಂಟ್ ಅಂದರೆ ಮನೆ ಕಟ್ಟುವ ಸೈಟು. ನಾನಿರುವ ಈ ಇಂಗ್ಲೆಂಡಿನ ಲೆಸ್ಟರಿನಲ್ಲಿ ಆ ಮಾತಿಗೆ ಅರ್ಥವೇ ಬೇರೆ. ಇಲ್ಲಿ ಮನೆ ಕಟ್ಟುವ ಹಾಗಿಲ್ಲ. ತರಕಾರಿ, ಹಣ್ಣು ಬೆಳೆಯಬೇಕು, ಬೆಳೆದದ್ದು ಮನೆಮಂದಿಯ ಊಟಕ್ಕಾಗಬೇಕು. 1922ರ ಕಾಯಿದೆಯಲ್ಲೇ ಹಾಗೆ ಬರೆದಿದ್ದಾರೆ. ಜಮೀನನ್ನು ತುಂಡು ತುಂಡು ಮಾಡಿ ವರ್ಷದ ಬಾಡಿಗೆಗೆ ಕೊಡುತ್ತಾರೆ, ಹೆಸರು ಬರೆಸಿ ಸರದಿ ಕಾಯಬೇಕು. ನಾನು ಮೂರು ವರ್ಷ ಕಾದೆ.

"ಹಂಗಾದ್ರೆ ಅಳತೆ ಎಷ್ಟು?" ಅಂದರು ಅಪ್ಪ. ಜಮೀನಿನ ಮಾತಾದರೆ ಅಳತೆ ತಿಳಿಯದೆ ಅವರು ಮುಂದಿನ ಮಾತಿಗೆ ಹೋಗುವುದಿಲ್ಲ. ಕಾಗದದಲ್ಲಿ ಹತ್ತು ರಾಡ್ ಎಂದಿತ್ತು. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ ಉದ್ದ, ಅಷ್ಟೇ ಅಗಲದ ಚೌಕ. ಇಬ್ಬರೂ ಫೋನಿನಲ್ಲೇ ಲೆಕ್ಕಕ್ಕೆ ಕೂತೆವು. ನಮ್ಮ ಗುಂಟೆ 33 ಅಡಿಗೆ 33 ಅಡಿ. ಅಂದರೆ ನಾಲ್ಕು ರಾಡ್ ಕೂಡಿದರೆ ಸರಿಯಾಗಿ ಒಂದು ಗುಂಟೆ, ಒಂದಂಗುಲವೂ ಆಚೀಚೆ ಇಲ್ಲ! ಅದೇ ಎಕರೆಯನ್ನು ಇವರು 160 ರಾಡ್ ಮಾಡಿದರು. ನಮ್ಮಲ್ಲಿ 40 ಗುಂಟೆ ಮಾಡಿ, ಗುಂಟೆಗೆ 16 ಆಣೆ ಎಂದು ಪಹಣಿಯಲ್ಲಿ ಬರೆದರು. ಒಂದು ರಾಡ್ ಅಂದರೆ ನಾಲ್ಕಾಣೆ ಜಾಗ.

"ಎರಡೂವರೆ ಗುಂಟೆ," ಅಂದರು ಅಪ್ಪ. ಅವರ ದನಿಯಲ್ಲಿ ಆ ಜಾಗ ಕಣ್ಣಿಗೆ ಕಂಡವರ ನೆಮ್ಮದಿ ಇತ್ತು. "ಒಳ್ಳೇ ಹಿತ್ತಲು ಕಣವ್ವ. ಬಿಡ್ಬೇಡ." ಆವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಹಿತ್ತಲು ಎಂದೇ ಹೆಸರು.

ಅಕ್ಟೋಬರ್ ಮೊದಲ ವಾರ ಬೀಗದ ಕೈ ಹಿಡಿದು ಹೋದಾಗ ಅಲ್ಲಿ ಹಿತ್ತಲೂ ಇರಲಿಲ್ಲ, ಏನೂ ಇರಲಿಲ್ಲ. ಆಳೆತ್ತರದ ಬ್ರಾಂಬಲ್ ಮುಳ್ಳುಪೊದೆ, ಅದರ ಸಂದಿನಲ್ಲೆಲ್ಲ ಮೈಗೆ ಸೋಕಿದರೆ ಉರಿ ಹತ್ತುವ ನೆಟಲ್ ಗಿಡ, ಉಳಿದ ಕಡೆ ಮೊಣಕಾಲುದ್ದ ಹುಲ್ಲು. ನಾಲ್ಕು ವರ್ಷದಿಂದ ಪಾಳುಬಿದ್ದಿತ್ತಂತೆ. ನಾನು ಹೊಸ್ತಿಲಲ್ಲೇ ನಿಂತವರ ಹಾಗೆ ನಿಂತುಬಿಟ್ಟಿದ್ದೆ. ಆಗ ಪಕ್ಕದ ಪ್ಲಾಟಿನಿಂದ ಒಬ್ಬ ಹಿರಿಯರು ಬೇಲಿಯವರೆಗೆ ನಡೆದುಬಂದರು. ಬೇಲಿ ಅಂದರೆ ಮೊಣಕಾಲೆತ್ತರದ ತಂತಿ ಅಷ್ಟೆ, ಮಾತಿಗೆ ಅಡ್ಡ ಬರುವಂಥದ್ದಲ್ಲ.

"ಪೂರ್ತಿ ನೋಡ್ಬೇಡ, ಮಿ ಡಕ್," ಅಂದರು. "ಒಂದು ಮೂಲೆ ಆರಿಸ್ಕೋ. ಅಷ್ಟನ್ನೇ ನೋಡು."

ಮಿ ಡಕ್ ಅನ್ನುವುದು ಲೆಸ್ಟರಿನ ಹಳಬರ ಮಾತು. ಗುರುತಿರಲಿ ಇಲ್ಲದಿರಲಿ ಹೆಂಗಸು ಗಂಡಸು ಮಕ್ಕಳು ಎಲ್ಲರನ್ನೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ಕಣವ್ವ, ಕಣಪ್ಪ ಅನ್ನುವ ಹಾಗೆ. ಅವರಿಗೆ ಎಂಬತ್ತು ದಾಟಿದೆ. ಹೆಸರು ಹಿಡಿದೇ ಕರೆಯಬೇಕು ಎಂದು ಎಷ್ಟೋ ಸಲ ಹೇಳಿದ್ದಾರೆ, ನನಗೆ ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಅವರು ನನಗೆ ಅಜ್ಜ. ನಿಮ್ಮ ಹತ್ತಿರವೂ ಹಾಗೇ ಅನ್ನುತ್ತೇನೆ.

ಅಜ್ಜ ಅಂದ ಆ ಮಾತು ಎಷ್ಟು ದೊಡ್ಡದು ಎಂದು ನನಗೆ ಆಮೇಲೆ ತಿಳಿಯಿತು. ಪಾಳು ಜಾಗ ಹಿಡಿದವರು ಉತ್ಸಾಹದಲ್ಲಿ ಮೊದಲ ಚಳಿಗಾಲದಲ್ಲೇ ಇಡೀ ಪ್ಲಾಟು ಅಗೆಯಲು ಹೋಗುತ್ತಾರೆ. ಮಾರ್ಚಿಗೆ ಸೊಂಟ ಸೋಲುತ್ತದೆ. ಅಗೆದು ಬರಿದಾದ ಮಣ್ಣಿನ ಮೇಲೆ ಜೂನಿಗೆ ಮತ್ತೆ ಎದೆಮಟ್ಟ ಕಳೆ ನಿಲ್ಲುತ್ತದೆ. ಕೈ ಸೋತು ಬೀಗದ ಕೈ ವಾಪಸು ಕೊಡುತ್ತಾರೆ. ನಮ್ಮ ಸಾಲಿನಲ್ಲೇ ನಾನು ಇಬ್ಬರನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ನಾನು ಟೇಪು ಹಿಡಿದು ನಾಲ್ಕನೇ ಒಂದು ಭಾಗ, ಅಪ್ಪನ ಲೆಕ್ಕದಲ್ಲಿ ಹತ್ತಾಣೆ ಜಾಗ, ಗುರುತು ಮಾಡಿ ಗೂಟ ಹೊಡೆದೆ. ಉಳಿದದ್ದರ ಹುಲ್ಲು ಮುಳ್ಳು ಸವರಿ, ಕಪ್ಪು ಹಾಳೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿ ಮುಚ್ಚಿಟ್ಟೆ. ಬೆಳಕು ಸಿಗದಿದ್ದರೆ ಎಂಥ ಹಟಮಾರಿ ಕಳೆಯೂ ಬೇರಿನಲ್ಲಿ ಕೂಡಿಟ್ಟ ಗಂಟು ಖರ್ಚು ಮಾಡುತ್ತ ಸೊರಗುತ್ತದೆ. ಒಂದು ವರ್ಷವಾದರೂ ಬೇಕು. ಆಗಲಿ, ಅದರ ಪಾಡಿಗೆ ಅದು ಆಗುತ್ತಿರುತ್ತದೆ.

ಹಾಳೆ ಅಂದೆ, ಹಳೇ ಕಾರ್ಪೆಟ್ಟು ಅನ್ನಲಿಲ್ಲ. ಹಿಂದೆ ಇಲ್ಲಿ ಬಹಳ ಜನ ಮನೆಯ ಹಳೇ ಕಾರ್ಪೆಟ್ಟು ತಂದು ಹೊದಿಸುತ್ತಿದ್ದರು. ಈಗ ಎಷ್ಟೋ ಕಡೆ ಅದನ್ನು ತರಬಾರದು ಎಂದು ನಿಯಮ ಮಾಡಿದ್ದಾರೆ. ಯಾಕೆ ಎಂದು ನನಗೆ ಎರಡನೇ ಶನಿವಾರವೇ ಗೊತ್ತಾಯಿತು. ಅಗೆಯುವ ಫೋರ್ಕು ಊರಿದರೆ ನಾಲ್ಕಂಗುಲಕ್ಕೆ ತಡೆಯಿತು. ಎತ್ತಿದರೆ ಮಣ್ಣಿನ ಜೊತೆ ನೈಲಾನ್ ದಾರ ಬಂತು. ನಾಲ್ಕು ವರ್ಷದಲ್ಲಿ ಕಾರ್ಪೆಟ್ಟಿನ ಮೇಲೆ ಎಲೆ ಕೊಳೆತು ಮಣ್ಣಾಗಿ, ಆ ಮಣ್ಣಿನಲ್ಲಿ ಹುಲ್ಲು ಹುಟ್ಟಿ, ಹುಲ್ಲಿನ ಬೇರು ಕಾರ್ಪೆಟ್ಟಿನ ನೇಯ್ಗೆಯೊಳಗೆ ನುಗ್ಗಿ ಎರಡೂ ಒಂದೇ ಬಟ್ಟೆಯಾಗಿಬಿಟ್ಟಿದ್ದವು. ಚಾಕು ಹಿಡಿದು ಗೇಣು ಗೇಣು ಕೊಯ್ದು ಸುರುಳಿ ಸುತ್ತಿದೆ. ನೀಲಿ, ಕೆಂಪು ಎಳೆಗಳನ್ನು ಈಗಲೂ ಪಾತಿಯಲ್ಲಿ ಆರಿಸುತ್ತಿದ್ದೇನೆ. ಅದರಲ್ಲಿನ ಬಣ್ಣ, ಔಷಧಿ ಏನೇನು ಮಣ್ಣಿಗೆ ಇಳಿದಿದೆಯೋ ಎಂದು ಮನಸ್ಸು ಕುಟುಕುತ್ತದೆ.

ಆದರೆ ಅದೇ ಕಾರ್ಪೆಟ್ಟಿನ ಅಂಚಿನಲ್ಲಿ ನನಗೊಂದು ಆಸ್ತಿ ಸಿಕ್ಕಿತು. ಹುಲ್ಲು ಸರಿಸಿದರೆ ಮಾಸಲು ಹಳದಿ ಎಲೆಗಳು, ಕೆಳಗೆ ಮಂಕರಿ ಅಗಲದ ಗೆಡ್ಡೆ. ಕಿತ್ತು ಎಸೆಯುವುದರಲ್ಲಿದ್ದೆ. "ನಿಲ್ಲು ನಿಲ್ಲು, ಅದು ಅವನ ರುಬಾರ್ಬ್!" ಎಂದು ಬೇಲಿಯಾಚೆಯಿಂದ ಕೂಗು ಬಂತು. ಅವನು ಅಂದರೆ ಈ ಪ್ಲಾಟನ್ನು ನನಗಿಂತ ಮೊದಲು ಮಾಡುತ್ತಿದ್ದವರು, ಅಜ್ಜನ ಗೆಳೆಯರು. ಕಾಲು ಬಿದ್ದುಹೋದ ಮೇಲೆ ಬರಲಾಗಲಿಲ್ಲವಂತೆ, ಈಗಿಲ್ಲ. ಅಜ್ಜ ತಂತಿ ದಾಟಿ ಬಂದು ಆ ಗೆಡ್ಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದರು. ನಾನೂ ಮಾತಾಡಲಿಲ್ಲ. ಫೆಬ್ರವರಿ ಕೊನೆಗೆ ಆ ಗೆಡ್ಡೆಯ ಮೇಲೆ ಕೋಳಿಯ ಜುಟ್ಟಿನಂಥ ಕೆಂಪು ಮೊಗ್ಗು ಎದ್ದಿತು. ಅದರ ದಂಟು ಹುಳಿ, ಎಲೆ ಮಾತ್ರ ವಿಷ, ತಿನ್ನಬಾರದು. ದಂಟನ್ನು ಹೆಚ್ಚಿ ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡಿ ಒಂದು ಡಬ್ಬಿ ಅಜ್ಜನಿಗೆ ಕೊಟ್ಟೆ. ಹುಣಸೆಹಣ್ಣೇ ಬೇಕಾಗಲಿಲ್ಲ.

ಇನ್ನು ಕಳೆಯ ವಿಷಯ. ಇಲ್ಲಿ ಕೌಚ್ ಎಂಬ ಹುಲ್ಲಿದೆ, ನಮ್ಮ ಗರಿಕೆಯ ಹಾಗೆ ನೆಲದೊಳಗೆ ಹರಿದು ಹೋಗುತ್ತದೆ. ಗರಿಕೆಯನ್ನು ಗಣಪತಿಗೆ ಏರಿಸುತ್ತೇವೆ, ಹೊಲದಲ್ಲಿ ಕಂಡರೆ ಅಪ್ಪ ಹಲ್ಲು ಕಡಿಯುತ್ತಿದ್ದರು. ಈ ಕೌಚಿನ ಬಿಳಿ ಬೇರುಕಾಂಡದ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ, ದಬ್ಬಳದ ಹಾಗೆ ಚುಚ್ಚುತ್ತದೆ. ಆಲೂಗೆಡ್ಡೆಯೊಳಗೆ ಈ ಕಡೆ ಹೊಕ್ಕು ಆ ಕಡೆ ಹೊರಬಂದದ್ದನ್ನು ಅಜ್ಜ ತೋರಿಸಿದ್ದಾರೆ. ಇನ್ನೊಂದು ಬೈಂಡ್‌ವೀಡ್, ಬಿಳಿ ಕಹಳೆ ಹೂವಿನ ಹಂಬು. ಅದರ ಬೇರು ಥೇಟ್ ಒತ್ತುಶಾವಿಗೆ, ಅಷ್ಟೇ ಬೆಳ್ಳಗೆ, ಅಷ್ಟೇ ಮೆತ್ತಗೆ, ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಅಂಗುಲದ ಚೂರು ಉಳಿದರೂ ಹೊಸ ಹಂಬು ಬರುತ್ತದೆ. ಆದ್ದರಿಂದ ರೋಟವೇಟರ್ ಬಾಡಿಗೆಗೆ ತಂದು ಒಂದೇ ದಿನದಲ್ಲಿ ಉತ್ತುಬಿಡೋಣ ಅನ್ನುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ. ಅದು ಒಂದು ಬೇರನ್ನು ಐವತ್ತು ಚೂರು ಮಾಡಿ ಸಾಲಾಗಿ ನೆಟ್ಟು ಹೋಗುತ್ತದೆ. ಫೋರ್ಕು ಊರಿ, ಮಣ್ಣು ಸಡಿಲಿಸಿ, ಬೇರಿನ ಜಾಡು ಹಿಡಿದು ಬೆರಳಿನಿಂದ ಬಿಡಿಸಿಕೊಂಡು ಬರಬೇಕು. ಹತ್ತಾಣೆ ಜಾಗಕ್ಕೆ ನನಗೆ ಒಂಬತ್ತು ಶನಿವಾರ ಹಿಡಿಯಿತು. ತೆಗೆದ ಬೇರನ್ನು ತಿಪ್ಪೆಗೆ ಹಾಕಬೇಡಿ, ಬಕೆಟ್ಟು ನೀರಿನಲ್ಲಿ ಮುಳುಗಿಸಿ ಕೊಳೆಸಿ.

ಆ ಒಂಬತ್ತು ಶನಿವಾರವೂ ನನಗೆ ಜೊತೆ ಇತ್ತು. ಫೋರ್ಕು ನೆಲಕ್ಕೆ ಊರಿದ ಸದ್ದಿಗೇ ರಾಬಿನ್ ಹಕ್ಕಿ ಬರುತ್ತದೆ. ಕೆಂಗಂದು ಎದೆ, ಕಡ್ಡಿಯಂಥ ಕಾಲು. ಒಂದು ದಿನ ಉಸಿರು ಬಿಡಲು ಫೋರ್ಕು ನಿಲ್ಲಿಸಿ ಹಿಂದೆ ಸರಿದೆ, ಅದರ ಹಿಡಿಯ ಮೇಲೇ ಬಂದು ಕೂತಿತು. ತೋಳಳತೆ ದೂರ. ತಲೆ ಓರೆ ಮಾಡಿ ನನ್ನನ್ನು ನೋಡಿ, ಅಗೆದ ಮಣ್ಣು ನೋಡಿ, ಜಿಗಿದು ಒಂದು ಎರೆಹುಳು ಎಳೆದುಕೊಂಡಿತು. ಊರಲ್ಲಿ ಉಳುವ ನೇಗಿಲಿನ ಹಿಂದೆ ಬೆಳ್ಳಕ್ಕಿ ಬರುವುದು ನೆನಪಾಗಿ ಗಂಟಲು ಕಟ್ಟಿತು.

ಸವರಿದ ಮುಳ್ಳಿನ ರಾಶಿಗೆ ನವೆಂಬರ್ 5ರ ಗೈ ಫಾಕ್ಸ್ ದಿನ ಬೆಂಕಿ ಇಡುವ ಎಂದು ಯಾರೋ ಅಂದರು. ಅಜ್ಜ ಕೋಲಿನಿಂದ ರಾಶಿಯ ಬುಡ ಎತ್ತಿ ತೋರಿಸಿದರು. ಒಣ ಎಲೆಯ ಉಂಡೆ, ಉಂಡೆಯೊಳಗೆ ಹೆಜ್‌ಹಾಗ್, ಬೊಗಸೆಗಾತ್ರದ ಮುಳ್ಳುಮೈ ಪ್ರಾಣಿ. ಚಳಿಗಾಲವಿಡೀ ಹೀಗೇ ನಿದ್ದೆ ಮಾಡುತ್ತದೆ. ಎಚ್ಚರವಿದ್ದಾಗ ಜೀರುಂಡೆ, ಗೊಣ್ಣೆಹುಳು ತಿಂದು ತೋಟ ಕಾಯುತ್ತದೆ. ರಾಶಿ ಹಾಗೇ ಬಿಟ್ಟೆವು, ಈಗಲೂ ಆ ಮೂಲೆ ಅದರದ್ದೇ.

ಮಣ್ಣಿನ ಮಾತಿಗೆ ಬರುತ್ತೇನೆ, ನನಗೆ ಇದೇ ಮುಖ್ಯ. ಇಲ್ಲಿಯದು ಜೇಡಿ. ಒದ್ದೆಯಿದ್ದಾಗ ಬೂಟಿಗೆ ಹಿಡಿದರೆ ಒಂದೊಂದು ಕಾಲೂ ಎರಡೆರಡು ಸೇರು ತೂಕ, ಒಣಗಿದರೆ ಇಟ್ಟಿಗೆ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಮಾಗಿ ಉಳುಮೆ ಮಾಡಿ ಹೆಂಟೆಗಳನ್ನು ಬಿಸಿಲಿಗೆ ಬಿಡುತ್ತಾರಲ್ಲ, ಇಲ್ಲಿ ಅದೇ ಕೆಲಸವನ್ನು ಹಿಮ ಮಾಡುತ್ತದೆ. ನವೆಂಬರಿನಲ್ಲಿ ಹೆಂಟೆ ಹೆಂಟೆಯಾಗಿ ಎತ್ತಿ ಹಾಗೇ ಬಿಟ್ಟೆ, ಒಡೆಯಲು ಹೋಗಲಿಲ್ಲ. ರಾತ್ರಿ ಹೆಂಟೆಯೊಳಗಿನ ನೀರು ಮಂಜುಗಡ್ಡೆಯಾಗಿ ಉಬ್ಬುತ್ತದೆ, ಹಗಲು ಕರಗುತ್ತದೆ, ಮತ್ತೆ ಉಬ್ಬುತ್ತದೆ. ಜನವರಿ ಕಳೆಯುವ ಹೊತ್ತಿಗೆ ಮೇಲಿನ ಪದರ ಬೂಟಿನ ತುದಿ ತಾಗಿಸಿದರೆ ಉದುರುತ್ತಿತ್ತು. ಸಾವಿರ ಗುದ್ದಲಿ ಏಟು ಮಾಡಲಾರದ ಕೆಲಸ. ಈಗ ಅಗೆಯದೆಯೇ ಬೆಳೆಯುವ ಪದ್ಧತಿಯೂ ಬಂದಿದೆ, ಸಾಮರ್‌ಸೆಟ್‌ನ ಚಾರ್ಲ್ಸ್ ಡೌಡಿಂಗ್ ಅದನ್ನು ಮನೆಮಾತು ಮಾಡಿದ್ದಾರೆ. ಹುಲ್ಲಿನ ಮೇಲೆ ರಟ್ಟು ಹಾಸಿ, ಮೇಲೆ ಕಾಂಪೋಸ್ಟು ಹರಡಿ ನೆಡುವುದು. ಎರೆಹುಳು ತಾನೇ ಉಳುತ್ತದೆ ಅನ್ನುವುದು ಅವರ ನಂಬಿಕೆ. ನನಗೂ ಅದರಲ್ಲಿ ಒಲವಿದೆ. ಒಮ್ಮೆ ಬೇರು ಆರಿಸಿಕೊಂಡಾದ ಮೇಲೆ ನಾನೂ ಆ ದಾರಿಗೇ ಬಂದೆ.

ಹದ ನೋಡುವುದನ್ನು ಮಾತ್ರ ಯಾವ ಪದ್ಧತಿಯವರೂ ಬಿಡುವ ಹಾಗಿಲ್ಲ. ಮಾರ್ಚಿನಲ್ಲಿ ನಾಲ್ಕು ದಿನ ಬಿಸಿಲು ಬಂದರೆ ಕೈ ಕಡಿಯುತ್ತದೆ, ಬೀಜ ಹಾಕೋಣ ಅನ್ನಿಸುತ್ತದೆ. ಅಜ್ಜ ನನ್ನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟು "ಅಮುಕು" ಅಂದರು. ಅಮುಕಿದೆ, ಮುದ್ದೆಯಾಯಿತು. "ಬಿಡು" ಅಂದರು. ಸೊಂಟದೆತ್ತರದಿಂದ ಬಿಟ್ಟೆ, ತಪ್ ಎಂದು ಬಿದ್ದು ಮುದ್ದೆಯಾಗೇ ಕೂತಿತು. ಅಜ್ಜ ತಲೆ ಅಲ್ಲಾಡಿಸಿ ತಮ್ಮ ಪ್ಲಾಟಿಗೆ ಹೋದರು. ಹೀಗೆ ಮೂರು ವಾರ. ನಾಲ್ಕನೇ ವಾರ ಮುದ್ದೆ ನೆಲಕ್ಕೆ ತಾಗಿದ್ದೇ ಪುಡಿಪುಡಿಯಾಯಿತು. ಇದನ್ನೇ ಅಪ್ಪ ಮುಂಗಾರಿನ ಮೊದಲ ಮಳೆ ಬಿದ್ದ ಮೂರನೇ ದಿನ ಹೊಲದಲ್ಲಿ ಮಾಡುತ್ತಿದ್ದರು, ಥೇಟ್ ಹೀಗೇ ಅಂಗೈಯಲ್ಲಿ. ಅಜ್ಜನಿಗೆ ಹೇಳಿದೆ. "ನಿಮ್ಮಪ್ಪನ ಹತ್ತಿರ ಮಾತಾಡಬೇಕಲ್ಲ" ಅಂದರು. ಫೋನಿನಲ್ಲಿ ಮುಖ ತೋರಿಸಿ ಮಾತಾಡಿಸಿದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಇಬ್ಬರೂ ಅಂಗೈಯಲ್ಲಿ ಮಣ್ಣು ಅಮುಕಿ ತೋರಿಸಿಕೊಂಡರು.

ಗೊಬ್ಬರದ ವಿಷಯದಲ್ಲಿ ನಿಮಗೆ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಕುದುರೆ ಲಾಯದ ಗೊಬ್ಬರ ಇಲ್ಲಿ ಪುಕ್ಕಟೆ ಸಿಗುತ್ತದೆ. ನಾನೂ ಒಂದು ಲೋಡು ತರಿಸಿದೆ, ಕಪ್ಪಗೆ ಪುಡಿಪುಡಿ, ನೋಡಿದರೆ ಆಸೆಯಾಗುವಂಥದ್ದು. ಅಜ್ಜ ಪಾತಿಗೆ ಹಾಕಲು ಬಿಡಲಿಲ್ಲ. ನಾಲ್ಕು ಕುಂಡದಲ್ಲಿ ಆ ಗೊಬ್ಬರ ಬೆರೆಸಿ, ನಾಲ್ಕರಲ್ಲಿ ಬೆರೆಸದೆ, ಬ್ರಾಡ್ ಬೀನ್ಸ್ ಬೀಜ ಹಾಕಿ ಕಿಟಕಿಯಲ್ಲಿಡು ಅಂದರು. ಮೂರು ವಾರಕ್ಕೆ ಗೊಬ್ಬರವಿಲ್ಲದ ನಾಲ್ಕೂ ಎಲೆ ಬಿಚ್ಚಿ ನಿಂತಿದ್ದವು. ಗೊಬ್ಬರದವು ಎಲೆಯನ್ನು ಮುಷ್ಟಿ ಬಿಗಿದ ಹಾಗೆ ಒಳಕ್ಕೆ ಸುತ್ತಿಕೊಂಡು, ಕಾಂಡ ತಿರುಚಿ, ಜರೀಗಿಡದ ಎಳೆ ಸುಳಿಯ ಹಾಗೆ ಬಾಗಿದ್ದವು. ಅಮಿನೋಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ಕುದುರೆ ತಿಂದರೆ ಕುದುರೆಗೇನೂ ಆಗುವುದಿಲ್ಲ, ಔಷಧಿ ಮಾತ್ರ ಹೊಟ್ಟೆ ದಾಟಿ ಲದ್ದಿಯಲ್ಲಿ ಹಾಗೇ ಬರುತ್ತದೆ. ಬೀನ್ಸ್, ಬಟಾಣಿ, ಟೊಮೆಟೊ, ಆಲೂಗೆಡ್ಡೆ ಯಾವುದೂ ಅದರಲ್ಲಿ ನೆಟ್ಟಗೆ ಏಳುವುದಿಲ್ಲ. 2008ರಲ್ಲಿ ಈ ದೇಶದ ಎಷ್ಟೋ ತೋಟಗಳು ಹೀಗೇ ಹಾಳಾದವು. ಲಾಯದವರಿಗೂ ಪಾಪ ಗೊತ್ತಿರಲಿಲ್ಲ, ಹುಲ್ಲು ಕೊಂಡದ್ದು ಬೇರೆಯವರಿಂದ. ಗೊಬ್ಬರದಲ್ಲೂ ಮೋಸಹೋಗುವ ಕಾಲ ಬಂತಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ತಿಪ್ಪೆಯ ಗೊಬ್ಬರವನ್ನು ಎರಡನೇ ಯೋಚನೆಯಿಲ್ಲದೆ ಹೊಲಕ್ಕೆ ಹೊತ್ತವರ ಮನೆಯವಳು ನಾನು. ನಾಲ್ಕು ಬೀಜ, ಮೂರು ವಾರ. ದಯವಿಟ್ಟು ಮಾಡಿ ನೋಡಿಯೇ ಹಾಕಿ.

ಆ ಕಡೆ ಬೇಲಿಯಲ್ಲಿ ಗುಜರಾತಿ ಮಾಸಿ ಇದ್ದಾರೆ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಭಾರತೀಯ ಮೂಲದವರನ್ನು ಯುಗಾಂಡದಿಂದ ಹೊರಹಾಕಿದಾಗ ಅಪ್ಪ ಅಮ್ಮನ ಕೈ ಹಿಡಿದು ಬಂದ ಹುಡುಗಿ ಅವರು. ಮೆಂತ್ಯ, ಕೊತ್ತಂಬರಿ ಏಪ್ರಿಲ್ ನಡುವಿಗೆ ಹಾಕು, ಸೋರೆಗೆ ಮಾತ್ರ ಅವಸರ ಮಾಡಬೇಡ, ಕಿಟಕಿಯಲ್ಲೇ ಸಸಿ ಬೆಳೆಸಿ ಜೂನಿಗೆ ಹೊರಗೆ ತಾ ಎಂದರು. ನಾನು ಅವರಿಗೆ ಅವರೆ ಬೀಜ ತೋರಿಸಿ ಆಸೆ ಹೇಳಿಕೊಂಡೆ. ಆದರೆ ಅವರೆ ಇಲ್ಲಿ ಹಂಬು ಹಬ್ಬುತ್ತದೆ, ಹೂ ಬಿಡುವುದಿಲ್ಲ. ನಮ್ಮ ನಾಟಿ ಅವರೆಗೆ ಹಗಲು ಗಿಡ್ಡವಾಗಬೇಕು. ಇಲ್ಲಿಯ ಬೇಸಗೆಯ ಹಗಲು ಹದಿನಾರು ಗಂಟೆ, ಗಿಡ್ಡವಾಗುವ ಹೊತ್ತಿಗೆ ಚಳಿ ಬಂದು ಹಂಬು ಸಾಯುತ್ತದೆ. ಅದಕ್ಕೇ ಅವರೆಯ ಬದಲು ನವೆಂಬರಿನಲ್ಲೇ ಅಕ್ವಾಡಲ್ಸ್ ಎಂಬ ಬ್ರಾಡ್ ಬೀನ್ಸ್ ಹಾಕಿದ್ದೆ, ಅದು ಹಿಮದಲ್ಲೂ ಬದುಕುವ ಗಟ್ಟಿ ಜಾತಿ. ಅದರ ಕಾಳಿನ ಸಿಪ್ಪೆಯನ್ನು ಎರಡು ಬೆರಳಿನಲ್ಲಿ ಹಿತಕಿ, ತೆಂಗಿನಕಾಯಿ ಗಸಗಸೆ ರುಬ್ಬಿ ಹಾಕಿ ಸಾರು ಮಾಡಿ. ಹಿತಕಿದ ಬೇಳೆಯ ಸೊಗಡು ಬರುವುದಿಲ್ಲ, ಆದರೆ ಹಿತಕುವ ಸುಖ ಪೂರ್ತಿ ಇದೆ.

ಆಲೂಗೆಡ್ಡೆ ನೆಡುವುದು ಇಲ್ಲಿ ಗುಡ್ ಫ್ರೈಡೆಗೆ. ಕೂಲಿಯವರಿಗೆ ರಜೆ ಸಿಗುತ್ತಿದ್ದ ದಿನ ಅದು, ಆದ್ದರಿಂದ ಅದೇ ರೂಢಿಯಾಯಿತು ಅನ್ನುತ್ತಾರೆ. ನಮ್ಮ ಯುಗಾದಿಯ ಹಾಗೆ ಅದೂ ಚಂದ್ರನನ್ನು ಹಿಡಿದು ಬರುವುದರಿಂದ ಒಂದು ವರ್ಷ ಮಾರ್ಚಿಗೆ, ಒಂದು ವರ್ಷ ಏಪ್ರಿಲ್ಲಿಗೆ ಬೀಳುತ್ತದೆ. ಹಾಸನದಲ್ಲಿ ಮೇ ಮಳೆಗೆ ಜಲಂಧರದಿಂದ ಬಂದ ಕುಫ್ರಿ ಜ್ಯೋತಿ ಬಿತ್ತನೆ ಗೆಡ್ಡೆಯನ್ನು ಹೋಳು ಮಾಡುತ್ತ ಕೂತವಳಿಗೆ ಇಲ್ಲಿ ಫೆಬ್ರವರಿಯಲ್ಲಿ ಮೊಟ್ಟೆ ಟ್ರೇಯಲ್ಲಿ ಗೆಡ್ಡೆಗಳನ್ನು ಕಣ್ಣು ಮೇಲೆ ಮಾಡಿ ಜೋಡಿಸುವುದು ಹೊಸದು. ಕಿಟಕಿ ಬೆಳಕಿಗೆ ಗಿಡ್ಡ, ದಪ್ಪ, ನೇರಳೆ ಮೊಳಕೆ ಬಂದವು. ಆರನ್ ಪೈಲಟ್ ಎಂಬ ಬೇಗನೆ ಬರುವ ಜಾತಿ ಆರಿಸಿದ್ದೆ. ಅಂಗಮಾರಿ ಇಲ್ಲಿಗೆ ಸಾಮಾನ್ಯವಾಗಿ ಜುಲೈ, ಆಗಸ್ಟಿನಲ್ಲಿ ಬರುತ್ತದೆ, ಅಷ್ಟರೊಳಗೆ ಕಿತ್ತುಬಿಡಬಹುದು. ಐರ್‌ಲೆಂಡನ್ನು 1845ರಿಂದ ಹಸಿವಿಗೆ ದೂಡಿದ ಅಂಗಮಾರಿಯೇ ನಮ್ಮ ಹಾಸನದ ಹೊಲಗಳನ್ನೂ ಕಪ್ಪಾಗಿಸುವುದು. ಅದರ ವಾಸನೆ ಅಪ್ಪನಿಗೂ ಗೊತ್ತು, ಅಜ್ಜನಿಗೂ ಗೊತ್ತು.

ನೆಡುವ ದಿನ ಅಜ್ಜ ತಮ್ಮ ದಾರ ತಂದುಕೊಟ್ಟರು, ಎರಡು ಮರದ ಗೂಟಕ್ಕೆ ಸುತ್ತಿದ್ದು. ಅವರ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಸಾಲಿನಲ್ಲಿ ಬಳಸಿದ್ದಂತೆ. ಆಗ ಸರ್ಕಾರವೇ ಅಗೆಯಿರಿ, ಬೆಳೆಯಿರಿ ಎಂದು ಕರೆ ಕೊಟ್ಟು ಈ ದೇಶದಲ್ಲಿ ಸುಮಾರು 14 ಲಕ್ಷ ಪ್ಲಾಟುಗಳಾಗಿದ್ದವು, ಲಂಡನ್ ಟವರಿನ ಕಂದಕದಲ್ಲೂ ತರಕಾರಿ ಬೆಳೆದಿದ್ದರು. ಯುದ್ಧ ಮುಗಿದ ಮೇಲೆ ಎಷ್ಟೋ ಜಾಗ ಕಟ್ಟಡಕ್ಕೆ ಹೋಯಿತು. ಉಳಿದದ್ದಕ್ಕೆ ಕಾನೂನಿನ ಕಾವಲಿದೆ. 1908ರ ಕಾಯಿದೆಯ ಪ್ರಕಾರ ಊರಿನ ಆರು ಜನ ಸೇರಿ ಅಲಾಟ್‌ಮೆಂಟ್ ಬೇಕೆಂದು ಬರೆದುಕೊಟ್ಟರೂ ಕೌನ್ಸಿಲ್ ಆ ಬೇಡಿಕೆಯನ್ನು ಪರಿಗಣಿಸಲೇಬೇಕು. ಇಂಥದ್ದೊಂದು ಕಾಯಿದೆ ಬೆಂಗಳೂರಿಗೂ ಇರಬೇಕಿತ್ತು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ದಾರ ಕಟ್ಟಿ, ಸಾಲಿನಿಂದ ಸಾಲಿಗೆ ಎರಡಡಿ, ಗೆಡ್ಡೆಯಿಂದ ಗೆಡ್ಡೆಗೆ ಒಂದಡಿ ಬಿಟ್ಟು ಮೂರು ಸಾಲು ನೆಟ್ಟೆ. ತಿಂಗಳಿಗೆ ಕಡುಹಸಿರು ಎಲೆ ಮಣ್ಣು ಸೀಳಿ ಬಂತು. ಮೇ ಮೊದಲ ವಾರ ಒಂದು ಸಂಜೆ ಆಕಾಶ ಒಂದು ಮೋಡವಿಲ್ಲದೆ ತೊಳೆದಂತಿತ್ತು, ಗಾಳಿ ನಿಂತಿತ್ತು. ನಾನು ಮನೆಗೆ ಹೊರಟವಳು. "ಇವತ್ತು ರಾತ್ರಿ ಹಿಮ ಬೀಳುತ್ತೆ, ಮಿ ಡಕ್" ಎಂದು ಅಜ್ಜ ತಮ್ಮ ಶೆಡ್ಡಿನಿಂದ ಫ್ಲೀಸ್ ಎಂಬ ಹೊದಿಕೆ ಬಟ್ಟೆಯ ಸುರುಳಿ ಎತ್ತಿಕೊಂಡು ಬಂದರು. ಗುದ್ದಲಿಯಿಂದ ಚಿಗುರುಗಳ ಮೇಲೆ ಮಣ್ಣು ಏರಿಸಿದೆ. ಬೆಳೆದು ನಿಂತವು ಮುಚ್ಚಲಿಲ್ಲ, ಅವಕ್ಕೆ ಬಟ್ಟೆ ಹಾಸಿದೆವು. ಒಂದು ತುದಿ ಅವರು, ಒಂದು ತುದಿ ನಾನು, ಒಗೆದ ಸೀರೆ ಒಣಗಲು ಹರವಿದ ಹಾಗೆ ತಂತಿಯ ಆಚೆ ಅವರ ಸಾಲಿಗೂ ಈಚೆ ನನ್ನ ಸಾಲಿಗೂ ಒಂದೇ ಬಟ್ಟೆ. ಕತ್ತಲಾಗುವವರೆಗೆ ಅಂಚಿಗೆ ಇಟ್ಟಿಗೆ ಇಟ್ಟೆವು.

ಬೆಳಿಗ್ಗೆ ಆರಕ್ಕೆ ಹೋದೆ. ಹುಲ್ಲು ಬೂಟಿನ ಕೆಳಗೆ ಕರಕರ ಅನ್ನುತ್ತಿತ್ತು, ಬಟ್ಟೆಯ ಮೇಲೆ ಸಕ್ಕರೆ ಉದುರಿಸಿದಂತೆ ಹಿಮ. ಅಜ್ಜ ಆಗಲೇ ಬಂದಿದ್ದರು. ಒಂದಂಚು ಎತ್ತಿ ಬಗ್ಗಿ ನೋಡಿ ನನ್ನನ್ನು ಕೈಬೀಸಿ ಕರೆದರು. ಕೆಳಗೆ ಎಲೆ ಹಸಿರಾಗಿಯೇ ಇತ್ತು.